ಊಟ ಅಂಗನವಾಡಿಯಲ್ಲಿ, ಬಾಣಂತಿ ಕೋಣೆಯಲ್ಲಿ: ಮಾತೃಪೂರ್ಣ ಯೋಜನೆಯ ಒಂದು ಪ್ರಕರಣ ಅಧ್ಯಯನ

2017ರ ಕೊನೆಯಲ್ಲಿ ನನ್ನ ನಾದಿನಿಗೆ ಐದು ತಿಂಗಳು. ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ ಅವಳ ಗಂಡನ ಮನೆ. ಫೋನಿನಲ್ಲಿ ಕೇಳಿದೆ, "ಅಂಗನವಾಡೀಲಿ ಬಸುರಿಯರಿಗೆ ಊಟ ಶುರುವಾಗಿದೆಯಂತಲ್ಲ, ಹೋಗ್ತಿದೀಯಾ?" ಅವಳು ನಕ್ಕಳು. "ಎರಡು ದಿನ ಹೋದೆ ಅತ್ತಿಗೆ. ಮೂರನೇ ದಿನ ನಮ್ಮತ್ತೆ ಕೇಳಿದ್ರು, ಮನೇಲಿ ಅನ್ನ ಇಲ್ವೇನಮ್ಮಾ ಅಂತ."

ಅವಳು ಮೂರನೇ ದಿನ ಹೋಗಲಿಲ್ಲ. ಈ ಬರಹ ಆ ಮೂರನೇ ದಿನದ ಬಗ್ಗೆ.

ಯೋಜನೆಯ ಹೆಸರು ಮಾತೃಪೂರ್ಣ. ಎಚ್.ಡಿ. ಕೋಟೆ, ಜಮಖಂಡಿ, ಮಾನ್ವಿ, ಮಧುಗಿರಿ ಈ ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಪ್ರಯೋಗ ಮಾಡಿ, 2017ರ ಅಕ್ಟೋಬರ್ 2ರಿಂದ ಇಡೀ ರಾಜ್ಯಕ್ಕೆ ತಂದರು. ಬಸುರಿ ಎಂದು ಹೆಸರು ಬರೆಸಿದ ದಿನದಿಂದ ಮಗುವಿಗೆ ಆರು ತಿಂಗಳು ತುಂಬುವವರೆಗೆ, ತಿಂಗಳಿಗೆ 25 ದಿನ, ಮಧ್ಯಾಹ್ನ ಒಂದು ಹೊತ್ತಿನ ಪೂರ್ತಿ ಊಟ. ಅನ್ನ, ಬೇಳೆ ತರಕಾರಿ ಹಾಕಿದ ಸಾಂಬಾರು, ಒಂದು ಬೇಯಿಸಿದ ಮೊಟ್ಟೆ, 200 ಮಿಲಿ ಹಾಲು, ಕಡಲೆಬೀಜದ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಹೆಸರುಕಾಳು. ಊಟವಾದ ಮೇಲೆ ಅಲ್ಲೇ, ಕಾರ್ಯಕರ್ತೆಯ ಕಣ್ಣೆದುರೇ ಕಬ್ಬಿಣಾಂಶದ ಮಾತ್ರೆ. ಒಂದು ಊಟಕ್ಕೆ 21 ರೂಪಾಯಿ ಲೆಕ್ಕ. ಆ ವರ್ಷ ಕೇಂದ್ರ ಸರ್ಕಾರ ಬಸುರಿ ಬಾಣಂತಿಯರ ಪೂರಕ ಆಹಾರಕ್ಕೆ ಕಟ್ಟಿದ ದರ ದಿನಕ್ಕೆ 9 ರೂಪಾಯಿ 50 ಪೈಸೆ. ಅದರಲ್ಲೂ ಅರ್ಧ ರಾಜ್ಯದ್ದೇ. ಅಂದರೆ ಕರ್ನಾಟಕ ತನ್ನ ಕೈಯಿಂದ ದೊಡ್ಡ ಮೊತ್ತ ಹಾಕಿತ್ತು. ಈ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ತಕರಾರುಗಳೇ ಜಾಸ್ತಿ ಬರುತ್ತವೆ.

ಮನೆಗೆ ಕಾಳು ಪುಡಿ ಕೊಡುವುದು ಬಿಟ್ಟು ಅಂಗನವಾಡಿಗೇ ಬಂದು ಊಟ ಮಾಡಿ ಅಂದದ್ದು ಯಾಕೆ? ಅದಕ್ಕೆ ಒಳ್ಳೆಯ ಕಾರಣವಿತ್ತು. ಹಿಂದೆ ಬಸುರಿಯ ಹೆಸರಿನಲ್ಲಿ ಬರುತ್ತಿದ್ದ ಪೊಟ್ಟಣ ಮನೆ ಸೇರಿದ ಮೇಲೆ ಎಲ್ಲರ ಪೊಟ್ಟಣವಾಗುತ್ತಿತ್ತು. ಮಕ್ಕಳಿಗೆ ಸ್ವಲ್ಪ, ಮಾವನವರಿಗೆ ಸ್ವಲ್ಪ, ಕೆಲವು ಕಡೆ ಹಸುವಿಗೂ ಸ್ವಲ್ಪ. ನಮ್ಮ ಮನೆಗಳಲ್ಲಿ ಸೊಸೆ ಕೊನೆಗೆ ಉಣ್ಣುತ್ತಾಳೆ, ಉಳಿದದ್ದನ್ನು ಉಣ್ಣುತ್ತಾಳೆ. ತಟ್ಟೆಯನ್ನು ಅವಳ ಮುಂದೆಯೇ ಇಟ್ಟು, ಎದುರು ಕೂತು ಉಣಿಸಿದರೆ ಮಾತ್ರ ಅವಳ ಹೊಟ್ಟೆ ಸೇರುತ್ತದೆ ಅನ್ನೋದು ಯೋಚನೆ. ಆಗ ಒಂದಾಗಿದ್ದ ಆಂಧ್ರದಲ್ಲಿ 2013ರಲ್ಲಿ ಅಮೃತ ಹಸ್ತಂ ಅಂತ, ತೆಲಂಗಾಣದಲ್ಲಿ 2015ರಲ್ಲಿ ಆರೋಗ್ಯ ಲಕ್ಷ್ಮಿ ಅಂತ ಇದೇ ಥರ ಶುರುವಾಗಿತ್ತು. ನಮ್ಮವರು ಅದನ್ನು ನೋಡಿ ಕಲಿತರು.

ಊಟ ಕೊಡುವುದು ಸರ್ಕಾರದ ಔದಾರ್ಯವೂ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಓದಿ ನೋಡಿ. ಬಸುರಿಗೂ, ಹೆರಿಗೆಯಾದ ಆರು ತಿಂಗಳವರೆಗೆ ತಾಯಿಗೂ ಅಂಗನವಾಡಿ ಮೂಲಕ ಉಚಿತ ಊಟ ಅವಳ ಹಕ್ಕು. ಅಂಗನವಾಡಿಯಂತೂ ನಮಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಊರಿಗೆ ಬಸ್ಸು ಬರುವ ಮೊದಲೇ ಅಂಗನವಾಡಿ ಬಂದ ಹಳ್ಳಿಗಳೂ ಇವೆ.

ಇಷ್ಟೆಲ್ಲ ಇದ್ದೂ ಎಲೆ ಖಾಲಿ ಉಳಿದದ್ದು ಯಾಕೆ?

ಮನೇಲಿ ಅನ್ನ ಇಲ್ವಾ?

ನಾದಿನಿಯ ಅತ್ತೆ ಕೆಟ್ಟವರಲ್ಲ. ಬಸುರಿ ಸೊಸೆಗೆ ತಮ್ಮ ಪಾಲಿನ ಹಾಲನ್ನೂ ಕೊಟ್ಟವರು. ಅವರಿಗೆ ಕಾಡಿದ್ದು ಮರ್ಯಾದೆ. ಊಟದ ಹೊತ್ತಿಗೆ ಸೊಸೆ ತಟ್ಟೆ ಹುಡುಕಿಕೊಂಡು ಬೀದಿ ದಾಟಿದರೆ ನಾಲ್ಕು ಜನ ಏನಂದುಕೊಂಡಾರು? ಪಡಿತರ ತರಲು ಸಾಲಿನಲ್ಲಿ ನಿಲ್ಲೋದು ಬೇರೆ, ಕೂತು ಉಣ್ಣೋದು ಬೇರೆ. ದೇವಸ್ಥಾನದಲ್ಲಿ ಸಾಲಾಗಿ ಕೂತು ಉಂಡರೆ ಪ್ರಸಾದ, ಅಂಗನವಾಡಿಯಲ್ಲಿ ಉಂಡರೆ ಬಡತನ. ಊರಿನ ಲೆಕ್ಕ ಹಾಗಿದೆ.

ಇದರ ಜೊತೆಗೆ ದಾರಿ. ಹಳ್ಳಿ ನಡುವೆ ಅಂಗನವಾಡಿ ಇದ್ದರೆ ಸರಿ. ತೋಟದ ಮನೆಗಳಲ್ಲಿ, ಮಲೆನಾಡಿನ ಒಂಟಿ ಮನೆಗಳಲ್ಲಿ ಇರುವವರು ಎಂಟು ತಿಂಗಳ ಹೊಟ್ಟೆ ಹೊತ್ತು ಬಿಸಿಲಲ್ಲೋ ಮಳೆಯಲ್ಲೋ ಒಂದು ಊಟಕ್ಕೆ ಏರು ಹತ್ತಿ ಇಳಿಯಬೇಕು. ಕೂಲಿಗೆ ಹೋಗುವವಳ ಕಷ್ಟ ಇನ್ನೊಂದು ಥರ. ಮಧ್ಯಾಹ್ನ ಒಂದು ಗಂಟೆಗೆ ಅವಳು ಹೊಲದಲ್ಲಿರುತ್ತಾಳೆ. ಅಂಗನವಾಡಿಗೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. 21 ರೂಪಾಯಿಯ ಊಟಕ್ಕೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳಲು ಯಾರು ಬರುತ್ತಾರೆ? ವಿಚಿತ್ರ ನೋಡಿ, ಆ ಊಟ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೇ ಬರಲು ಎಲ್ಲರಿಗಿಂತ ಜಾಸ್ತಿ ತೊಂದರೆ.

ಜಾತಿಯ ಮಾತನ್ನು ಬಿಟ್ಟು ಮುಂದೆ ಹೋಗಲು ಆಗಲ್ಲ. ಒಲೆ ಮುಂದೆ ಯಾರಿದ್ದಾರೆ, ಪಕ್ಕದಲ್ಲಿ ಯಾರು ಕೂರುತ್ತಾರೆ ಅಂತ ನೋಡಿ ಬಾರದ ಮನೆಗಳಿವೆ. ಕಾರಣ ಕೇಳಿದರೆ ಅವರು "ಬಿಸಿಲು" ಅನ್ನುತ್ತಾರೆ.

ನಾದಿನಿಯ ಊರಿನಲ್ಲಿ ಇದನ್ನೆಲ್ಲ ಬದಲಾಯಿಸಿದ್ದು ಒಂದು ಹಸಿರು ಬಳೆ. ಕಾರ್ಯಕರ್ತೆ ಜಾಣೆ. ಒಂದು ದಿನ ಬಸುರಿಯರಿಗೆಲ್ಲ ಅಂಗನವಾಡಿಯಲ್ಲೇ ಸೀಮಂತ ಇಟ್ಟರು. ಅರಿಶಿನ ಕುಂಕುಮ, ಹೂವು, ಬಳೆ, ಮಡಿಲು ತುಂಬಲು ಸೊಪ್ಪು ಹಣ್ಣು ಕಾಳು. ಕರೆದದ್ದು ಸೊಸೆಯರನ್ನಲ್ಲ, ಅತ್ತೆಯರನ್ನು. ಅತ್ತೆಯರು ಬಂದು ಹಾಡು ಹೇಳಿದರು, ಅಲ್ಲೇ ಕೂತು ಉಂಡರು. ಸಾಂಬಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಅಂತಲೂ ಹೇಳಿದರಂತೆ! ಮರುದಿನದಿಂದ ಆ ಊಟಕ್ಕೆ ಬೇರೆ ಮರ್ಯಾದೆ. "ಹೊತ್ತಾಯ್ತು ಹೋಗು, ಮೊಟ್ಟೆ ಆರಿಹೋಗುತ್ತೆ" ಅಂತ ಅತ್ತೆಯೇ ಎಬ್ಬಿಸುತ್ತಿದ್ದರು ಅಂತ ನಾದಿನಿ ಹೇಳಿದಳು.

ಅಂಗನವಾಡಿಯಲ್ಲಿ ಸೀಮಂತ ಮಾಡುವುದು ಈಗ ಎಲ್ಲ ಕಡೆ ಇದೆ. ಎಷ್ಟೋ ಕಡೆ ಅದು ಫೋಟೊ ತೆಗೆಯುವ ಕಾರ್ಯಕ್ರಮ. ಆದರೆ ತಾಯಿಗೆ ಪೌಷ್ಟಿಕತೆಯ ಪಾಠ ಹೇಳುವ ಬದಲು ಅವಳ ಅತ್ತೆಯ ಮುಂದೆ ತಟ್ಟೆ ಇಡುವುದು ಸರಿಯಾದ ದಾರಿ ಅನ್ನೋದು ನನಗೆ ಗೊತ್ತಾದದ್ದು ಅಲ್ಲಿಂದಲೇ.

ಹೆಸರು ಒಂದೂರಿನಲ್ಲಿ, ಹೆರಿಗೆ ಇನ್ನೊಂದೂರಿನಲ್ಲಿ

ಆರು ವಾರ ಹೀಗೆ ನಡೆಯಿತು. ಏಳನೇ ತಿಂಗಳು ಮುಗಿಯಿತು. ಚೊಚ್ಚಲ ಹೆರಿಗೆ, ಮಗಳು ತವರಿಗೆ ಬರಬೇಕು. ಬಂದಳು, ನಮ್ಮ ಮನೆಗೆ.

ನಮ್ಮ ಬೀದಿಯ ಕೊನೆಯಲ್ಲೇ ಅಂಗನವಾಡಿ. ತಾಯಿ ಕಾರ್ಡ್ ಹಿಡಿದು ಹೋದೆವು. ಅಲ್ಲಿಯ ಕಾರ್ಯಕರ್ತೆ ಪುಸ್ತಕ ತೆಗೆದು ತೋರಿಸಿದರು. "ಇವರ ಹೆಸರು ಅಲ್ಲಿದೆಯಲ್ಲಮ್ಮಾ. ನನಗೆ ರೇಷನ್ ಬಂದಿರೋದು ನನ್ನ ಪಟ್ಟಿಗೆ ಮಾತ್ರ. ಆ ಊರಿಂದ ಹೆಸರು ತೆಗೆಸಿಕೊಂಡು ಬನ್ನಿ." ಅವರ ಮೇಲೆ ನನಗೆ ಸಿಟ್ಟಿಲ್ಲ. ಹದಿನೆಂಟು ಜನರ ಅಕ್ಕಿಯಲ್ಲಿ ಹತ್ತೊಂಬತ್ತನೆಯವಳಿಗೆ ಎಲ್ಲಿಂದ ತರುವುದು? ಆದರೂ ಅವರು ಎರಡು ದಿನ ಊಟ ಹಾಕಿದರು. ಆಮೇಲೆ ನಮಗೇ ಸಂಕೋಚವಾಗಿ ಬಿಟ್ಟೆವು. ಹೆಸರು ವರ್ಗವಾಗುವ ಹೊತ್ತಿಗೆ ಮಗು ಹುಟ್ಟಿತ್ತು.

ತವರಿಗೆ ಹೋಗುವುದು ನಿನ್ನೆ ಮೊನ್ನೆ ಬಂದ ಪದ್ಧತಿಯಲ್ಲ. ಕರ್ನಾಟಕದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಮೊದಲ ಹೆರಿಗೆಯ ಹೆಂಗಸು ಕೊನೆಯ ಎರಡು ತಿಂಗಳು ಮತ್ತು ಹೆರಿಗೆಯ ನಂತರ ಮೂರೋ ಐದೋ ತಿಂಗಳು ಗಂಡನ ಮನೆಯಲ್ಲಿ ಇರುವುದಿಲ್ಲ. ಅಂದರೆ ಹದಿಮೂರು ಹದಿನಾಲ್ಕು ತಿಂಗಳ ಊಟದಲ್ಲಿ ಹತ್ತಿರ ಹತ್ತಿರ ಅರ್ಧ ಕಾಲ ಅವಳು ತನ್ನ ಹೆಸರಿರುವ ಊರಿನಲ್ಲೇ ಇಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಪಾಡು ಇನ್ನೂ ಕಷ್ಟ. ಅವರ ಶೆಡ್ಡು ಎರಡು ಅಂಗನವಾಡಿಗಳ ಗಡಿಯ ನಡುವೆ ಎಲ್ಲೋ ಇರುತ್ತದೆ.

ಬಾಣಂತಿಯ ಕೋಣೆ

ನನ್ನ ಪ್ರಕಾರ ಯೋಜನೆ ಎಡವಿದ್ದು ಮುಖ್ಯವಾಗಿ ಇಲ್ಲಿ.

ನಮ್ಮ ಮನೆಯ ಬಾಣಂತನ ಹೀಗಿತ್ತು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಬೆಳಿಗ್ಗೆ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಕಿಟಕಿ ಮುಚ್ಚಿದ ಕೋಣೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಸಬ್ಬಸಿಗೆ ಸೊಪ್ಪು, ಸಂಜೆಗೆ ಅಂಟಿನ ಉಂಡೆ. ಇದನ್ನು ನಾನು ಹೀಯಾಳಿಸುವುದಿಲ್ಲ. ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಹೆಂಗಸಿಗೆ ಬದುಕಿನಲ್ಲಿ ಸಿಗುವ ಒಂದೇ ಒಂದು ಹೆರಿಗೆ ರಜೆ ಬಾಣಂತನ. ಅಂಟಿನ ಉಂಡೆಯಲ್ಲಿ ಒಣ ಕೊಬ್ಬರಿ, ಬೆಲ್ಲ, ಉತ್ತುತ್ತೆ ಎಲ್ಲ ಇರುತ್ತೆ. ಆದರೆ ಪಥ್ಯದ ಪಟ್ಟಿ ಉದ್ದ. ಮೊಸರು ಶೀತ, ಹಣ್ಣು ಶೀತ, ಬೇಳೆ ವಾಯು, ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ. ಮೊಟ್ಟೆ ಉಷ್ಣ ಅಂತ ಒಬ್ಬರು, ಮಗುವಿಗೆ ಆಗಲ್ಲ ಅಂತ ಇನ್ನೊಬ್ಬರು. ಬಡವರ ಮನೆಯಲ್ಲಿ ಅಂಟಿನ ಉಂಡೆ ಇರುವುದಿಲ್ಲ, ಪಥ್ಯ ಮಾತ್ರ ಇರುತ್ತೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಲೆಕ್ಕ ನೋಡಿ. ಬಸುರಿಗೆ ದಿನಕ್ಕೆ ಮಾಮೂಲಿಗಿಂತ 350 ಕ್ಯಾಲೊರಿ ಜಾಸ್ತಿ ಬೇಕು. ಮಗುವಿಗೆ ಎದೆಹಾಲು ಮಾತ್ರ ಕೊಡುವ ಮೊದಲ ಆರು ತಿಂಗಳು 600 ಕ್ಯಾಲೊರಿ ಜಾಸ್ತಿ ಬೇಕು. ಹೊಟ್ಟೆಯಲ್ಲಿ ಮಗು ಇದ್ದಾಗಿನದಕ್ಕಿಂತ ಮಡಿಲಲ್ಲಿ ಇದ್ದಾಗ ಹಸಿವು ದೊಡ್ಡದು. ಸರಿಯಾಗಿ ಆ ತಿಂಗಳುಗಳಲ್ಲೇ ಅವಳು ಹೊಸಿಲು ದಾಟುವ ಹಾಗಿಲ್ಲ, ಅಂಗನವಾಡಿಯ ಊಟ ಹೊಸಿಲ ಆಚೆ.

"ಬಾಣಂತಿಯರೂ ಬಂದು ಊಟ ಮಾಡಬೇಕು" ಎಂದು ಆದೇಶದಲ್ಲಿ ಬರೆದವರ ಮನೆಯಲ್ಲಿ ಬಾಣಂತನವೇ ಆಗಿಲ್ಲವೇ? ಆಗಿರುತ್ತೆ. ಅವರ ಅಕ್ಕ ತಂಗಿಯರೂ ಕಿವಿಗೆ ಹತ್ತಿ ಇಟ್ಟುಕೊಂಡೇ ಕೂತಿರುತ್ತಾರೆ. ಮನೆಯಲ್ಲಿ ಗೊತ್ತಿದ್ದದ್ದು ಕಚೇರಿಯಲ್ಲಿ ನೆನಪಾಗಲಿಲ್ಲ, ಅಷ್ಟೆ.

ಅಡುಗೆ ಯಾರು ಮಾಡಬೇಕು?

ಯೋಜನೆ ಶುರುವಾದಾಗ ಸುಮಾರು 12 ಲಕ್ಷ ತಾಯಂದಿರಿಗೆ ಊಟ ಅಂದರು. 65 ಸಾವಿರ ಕೇಂದ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿನೆಂಟು ಜನ. ಅಲ್ಲಿ ಆಗಲೇ ಮೂರರಿಂದ ಆರು ವರ್ಷದ ಮಕ್ಕಳಿದ್ದಾರೆ. ಕೈಗಳು ಎಷ್ಟು? ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ನಾಲ್ಕೇ ಕೈ.

ಸಹಾಯಕಿ ಮಕ್ಕಳನ್ನು ಮನೆಯಿಂದ ಕರೆತರಬೇಕು, ಗುಡಿಸಬೇಕು, ನೀರು ತರಬೇಕು, ಅಡುಗೆ ಮಾಡಬೇಕು, ಪಾತ್ರೆ ತೊಳೆಯಬೇಕು. ಕಾರ್ಯಕರ್ತೆ ಮಕ್ಕಳಿಗೆ ಹಾಡು ಕಥೆ ಹೇಳಬೇಕು, ತೂಕ ನೋಡಬೇಕು, ಲಸಿಕೆಯ ದಿನ ಎಲ್ಲರನ್ನೂ ಸೇರಿಸಬೇಕು, ಮನೆ ಭೇಟಿಗೆ ಹೋಗಬೇಕು, ಪುಸ್ತಕ ತುಂಬಬೇಕು. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಕೂಡ ತುಂಬಬೇಕು. ಇದಕ್ಕೆ ಹದಿನೆಂಟು ದೊಡ್ಡವರ ಊಟ ಸೇರಿಸಿದರು. ಗ್ಯಾಸ್ ಬೇಗ ಮುಗಿಯುತ್ತಿತ್ತು, ದೊಡ್ಡ ಪಾತ್ರೆ ಇರಲಿಲ್ಲ, ಮೊಟ್ಟೆಗೆ ಸರ್ಕಾರ ಕಟ್ಟಿದ ಬೆಲೆಗಿಂತ ಅಂಗಡಿ ಬೆಲೆ ಏರಿದಾಗ ವ್ಯತ್ಯಾಸ ಕೈಯಿಂದ ಹೋಗುತ್ತಿತ್ತು. ಕೆಲಸ ಜಾಸ್ತಿಯಾದಾಗ ಮೊದಲು ಬಿಟ್ಟುಹೋಗುವುದು ಮಕ್ಕಳ ಹಾಡು ಕಥೆ, ಆಮೇಲೆ ಮನೆ ಭೇಟಿ. ಬಾಣಂತಿಯನ್ನು ನೋಡಲು ಯಾರಾದರೂ ಬರುವುದಿದ್ದರೆ ಅದು ಆ ಮನೆ ಭೇಟಿಯಲ್ಲೇ.

2017ರ ಮಾರ್ಚ್ ನೆನಪಿದೆಯಾ? ಸಾವಿರಾರು ಅಂಗನವಾಡಿ ಹೆಂಗಸರು ಬೆಂಗಳೂರಿನ ರಸ್ತೆಯಲ್ಲೇ ಹಗಲು ರಾತ್ರಿ ಕೂತಿದ್ದರು. ಬಹಳ ಜನಕ್ಕೆ ನೆನಪಿರುವುದು ಟ್ರಾಫಿಕ್ ಜಾಮ್. ಅವರು ಕೇಳಿದ್ದು ಗೌರವಧನ ಜಾಸ್ತಿ ಮಾಡಿ ಅಂತ. ಸಂಬಳ ಅನ್ನೋ ಪದ ಅವರಿಗೆ ಇಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಏರಿಸಿದ ಮೇಲೂ ಅದು ಕಟ್ಟಿದ ಮೊತ್ತ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಮೇಲಿನದು ರಾಜ್ಯ ಸೇರಿಸಬೇಕು. ಇವರಿಗೆ ಗ್ರಾಚ್ಯುಟಿ ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು. ಅಂಗನವಾಡಿ ಹುಟ್ಟಿ ಆಗ 46 ವರ್ಷ ದಾಟಿತ್ತು.

ತಾಯಿ ಮಗುವಿನ ಆರೋಗ್ಯಕ್ಕೆ ಒತ್ತು ಕೊಡಿ ಅಂತ ಭಾಷಣ ಮಾಡುವವರು ಈ ನಾಲ್ಕು ಕೈಗಳ ಬಗ್ಗೆ ಮಾತಾಡದಿದ್ದರೆ ನಾನು ಎದ್ದು ಬರುತ್ತೇನೆ.

ಎರಡನೇ ಮಗು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019ರ ಕೊನೆಯ ಅರ್ಧದಲ್ಲಿ ಕರ್ನಾಟಕ ಸುತ್ತಿದರು. ಆಗ ಊಟ ಶುರುವಾಗಿ ಎರಡು ವರ್ಷ. ರಕ್ತಹೀನತೆ ಇದ್ದ ಬಸುರಿಯರು ಶೇ 45.7. ಹಿಂದಿನ ಸಮೀಕ್ಷೆಯಲ್ಲಿ ಶೇ 45.4 ಇತ್ತು. ಅಂದರೆ ಅಲ್ಲಿಗೆ ಅಲ್ಲೇ. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ 36.2ರಿಂದ 35.4ಕ್ಕೆ ಇಳಿದಿದ್ದರು. ಇದನ್ನು ಹಿಡಿದು ಮಾತೃಪೂರ್ಣ ಸೋತಿತು ಅನ್ನೋದು ತಪ್ಪು. ರಕ್ತ ಕಡಿಮೆಯಾಗಲು ನೂರು ಕಾರಣ, ಅದು ಹುಡುಗಿಯ ಹನ್ನೆರಡನೇ ವಯಸ್ಸಿಗೇ ಶುರುವಾಗಿರುತ್ತೆ. ಆದರೆ ಒಳ್ಳೆಯ ಊಟ ಯೋಜಿಸಿದರೆ ಸಾಕು ಅಂತ ಸುಮ್ನೆ ಕೂರಲು ಆಗಲ್ಲ ಅನ್ನೋದಕ್ಕೆ ಈ ಅಂಕಿ ಸಾಕು.

2020ರಲ್ಲಿ ನಾದಿನಿ ಎರಡನೇ ಸಲ ಬಸುರಿ. ಲಾಕ್‌ಡೌನ್. ಅಂಗನವಾಡಿಗಳಿಗೆ ಬೀಗ. ಸಾಮಾನು ಮನೆಮನೆಗೆ ಬಂತು, ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆ. ಯಾರೂ ಎಲ್ಲಿಗೂ ನಡೆಯಬೇಕಿಲ್ಲ. ನನಗೆ ಖುಷಿಯಾಯಿತು, ಈಗ ಸರಿಹೋಯಿತು ಅಂದುಕೊಂಡೆ. ಫೋನಿನಲ್ಲಿ ಹಾಗೇ ಹೇಳಿದೆ.

"ಎಲ್ಲಿ ಸರಿ ಅತ್ತಿಗೆ? ದೊಡ್ಡವನು ಮೊಟ್ಟೆ ನೋಡಿದ್ರೆ ಬಿಡ್ತಾನಾ? ಅವನಿಗೊಂದು, ನಮ್ಮ ಮೈದುನನ ಮಗಳಿಗೊಂದು. ಎದುರು ಕೂತಿರೋ ಮಕ್ಕಳಿಗೆ ಕೊಡದೆ ನಾನೊಬ್ಬಳೇ ತಿನ್ನಕ್ಕಾಗುತ್ತಾ? ಅಲ್ಲಿಗೆ ಹೋಗ್ತಿದ್ದಾಗ ನನ್ನ ಮೊಟ್ಟೆ ನನಗೇ ಇರ್ತಿತ್ತು."

ಹಾಗಾಗಿ ಕೇಂದ್ರದಲ್ಲಿ ಊಟವೋ ಮನೆಗೆ ರೇಷನ್ನೋ ಅನ್ನುವ ಜಗಳದಲ್ಲಿ ನಾನು ಯಾವ ಪಕ್ಷವೂ ಅಲ್ಲ. ನಡೆಯಲು ಆಗುವ ತಿಂಗಳುಗಳಲ್ಲಿ ಅಂಗನವಾಡಿಯ ಎಲೆಯೇ ಸರಿ, ಅಲ್ಲಿ ಅವಳ ಪಾಲು ಅವಳದೇ. ಕೊನೆಯ ತಿಂಗಳು ಮತ್ತು ಹೆರಿಗೆಯಾದ ಮೊದಲ ಮೂರು ತಿಂಗಳು ಬೇಯಿಸಿದ ಊಟವೇ ಡಬ್ಬಿಯಲ್ಲಿ ಬಾಣಂತಿಯ ಕೋಣೆಗೆ ಹೋಗಬೇಕು. ಬೇಯಿಸಿದ ಒಂದು ತಟ್ಟೆ ಊಟ ಮನೆಯಲ್ಲಿ ಹಂಚಿಹೋಗುವುದು ತಿಂಗಳ ರೇಷನ್ ಹಂಚಿಹೋದಷ್ಟು ಸುಲಭವಲ್ಲ. ದೂರದ ತೋಟದ ಮನೆಗಳಿಗೂ ಅದೇ ಡಬ್ಬಿ. ಅದನ್ನು ಹೊರುವವಳಿಗೆ ಕೂಲಿ ಕೊಡಬೇಕು, ಇರುವ ಸಹಾಯಕಿಯ ತಲೆಗೇ ಕಟ್ಟಬಾರದು. ಅಡುಗೆಗೆ ಮೂರನೇ ಒಬ್ಬಳು ಬೇಕು. ಊಟ ಹೆಸರಿನ ಊರಿಗಲ್ಲ, ತಾಯಿ ಕಾರ್ಡ್ ಇರುವ ಕೈಗೆ ಬರಬೇಕು, ತವರಾಗಲಿ ಬೆಂಗಳೂರಿನ ಶೆಡ್ಡಾಗಲಿ. ಕೂಲಿ ಹೆಂಗಸಿಗೆ ಹಣವೂ ಬೇಕು. ಆಹಾರ ಭದ್ರತಾ ಕಾಯ್ದೆ ಹೇಳಿದ್ದು ಕನಿಷ್ಠ 6,000 ರೂಪಾಯಿ ಹೆರಿಗೆ ಭತ್ಯೆ. 2017ರಿಂದ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ಕೊಡುತ್ತದೆ, 2022ರಿಂದ ಎರಡನೆಯದು ಹೆಣ್ಣಾದರೆ 6,000. ನಾದಿನಿಯ ಎರಡನೆಯದು 2020ರಲ್ಲಿ ಹುಟ್ಟಿದ್ದು, ಅದೂ ಗಂಡು. ಕಾಯ್ದೆಯಲ್ಲಿ ಹೀಗೆ ಗಂಡು ಹೆಣ್ಣು ಅಂತ ಏನೂ ಬರೆದಿಲ್ಲ.

ಇದನ್ನೆಲ್ಲ ಎಲ್ಲಿ ಕೇಳಬೇಕು ಅಂತ ಕೆಲವರು ಕೇಳುತ್ತಾರೆ. ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ ಇದೆ, ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ, ಅದರಲ್ಲಿ ಊರಿನ ತಾಯಂದಿರೇ ಇರಬೇಕು. ನಾವು ಹೋದ ವರ್ಷ ಗ್ರಾಮಸಭೆಗೆ ಹೋದೆವು. ಚರಂಡಿ, ಬೀದಿದೀಪ, ಮನೆ ಪಟ್ಟಿ ಮುಗಿಯುವ ಹೊತ್ತಿಗೆ ಅರ್ಧ ಜನ ಎದ್ದಿದ್ದರು. ನಾನು ಕೇಳಿದ್ದು ಇಷ್ಟೇ: ಪುಸ್ತಕದಲ್ಲಿ ಎಷ್ಟು ಬಾಣಂತಿಯರ ಹೆಸರಿದೆ, ನಿನ್ನೆ ಎಷ್ಟು ಬಾಣಂತಿಯರು ಊಟ ಮಾಡಿದರು? ಕಾರ್ಯಕರ್ತೆ ಎದ್ದು ನಿಂತು ನನ್ನ ಕಡೆ ನೋಡಿದರು, ಆಮೇಲೆ ಅಧ್ಯಕ್ಷರ ಕಡೆ ನೋಡಿದರು. "ಹೆಸರು ಆರು ಇದೆ ಸಾರ್. ಊಟಕ್ಕೆ ಯಾರೂ ಬಂದಿಲ್ಲ. ಇಬ್ಬರಿಗೆ ನಾನೇ ಡಬ್ಬಿ ತಗೊಂಡು ಹೋಗಿ ಕೊಟ್ಟೆ, ನಿಯಮದಲ್ಲಿ ಹಾಗೆ ಇಲ್ಲ."

ಅಧ್ಯಕ್ಷರು ನಡಾವಳಿ ಬರೆಯುವವರಿಗೆ ಹೇಳಿದರು, "ಆ ಕೊನೆಯದು ಬರೀಬೇಡಿ." ನಾನು ಬರೆಯಿರಿ ಅಂದೆ. ಕಾರ್ಯಕರ್ತೆಯೂ ಬರೆಯಿರಿ ಅಂದರು. ಬರೆದರು.